ಊರುಗೋಲಿಗೂ ಹಂಗುಂಟೇ?



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಕೊಂಚ ಉದ್ದವಾಗಿದೆ. ಒಂದೇ ಸಲಕ್ಕೆ ಮುಗಿಯದಿದ್ದರೆ ಚಹಾ ಕುಡಿದು ಬಂದು ಮತ್ತೆ ಓದಿ.

ಕಳೆದ ಭಾನುವಾರದ ಅಧ್ಯಯನದಲ್ಲಿ ‘ಅತ್ತದೀಪ’ ಎಂಬ ಮಾತು ಬಂತು. ತನಗೆ ತಾನೇ ದೀಪ, ತನಗೆ ತಾನೇ ಶರಣು ಎಂಬ ಅರ್ಥದ ಬೋಧನೆ ಅದು. ನಮ್ಮ ಜನಕ್ಕೆ ಈ ಮಾತು ಎಷ್ಟು ಹತ್ತಿರದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಚರ್ಚೆಯ ನಡುವೆ ಒಬ್ಬ ತರುಣ ಎದ್ದು ಕೇಳಿದ: “ಸರ್, ಹಾಗಾದ್ರೆ ಬೇರೆಯವರ ಸಹಾಯ ತಗೊಳ್ಳೋದು ಸೋಲಾ?” ಅವನ ಅಪ್ಪ ವಾರಕ್ಕೆ ಎರಡು ಸಲ ಅಂಕೋಲೆಯಿಂದ ಕಾರವಾರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಾರೆ. ಜೊತೆಗೆ ಯಾರೂ ಬರುವುದು ಬೇಡ ಅನ್ನುತ್ತಾರೆ. ಮರಳಿ ಬರುವಾಗ ಬಸ್ಸಿನ ಕಂಬಿಗೆ ತಲೆ ಆನಿಸಿ ಕೂತಿರುತ್ತಾರಂತೆ. ಕೇಳಿದರೆ, ಬಾಬಾಸಾಹೇಬರು ನಮ್ಮನ್ನು ನಮ್ಮ ಕಾಲ ಮೇಲೆ ನಿಲ್ಲಿಸಿದ್ದು ಯಾಕೆ ಮತ್ತೆ ಎಂದು ತಿರುಗಿ ಕೇಳುತ್ತಾರಂತೆ.

ಅಂದು ಸಮಯ ಸಾಲಲಿಲ್ಲ, ಉತ್ತರ ಅರ್ಧಕ್ಕೆ ನಿಂತಿತು. ಆ ಪ್ರಶ್ನೆಯನ್ನು ಇಲ್ಲಿ ಮುಂದುವರಿಸುತ್ತೇನೆ. ಅದರ ಬಗ್ಗೆ ಯೋಚಿಸಲು ನನಗೆ ತಿಂಗಳುಗಟ್ಟಲೆ ಬಿಡುವು ಸಿಕ್ಕಿತ್ತು. ಕಾಲು ಮಡಚಲಾಗದೆ ಮಲಗಿದವನಿಗೆ ಯೋಚನೆ ಬಿಟ್ಟು ಬೇರೆ ಉದ್ಯೋಗ ಏನಿದೆ?

ಕನ್ನಡದಲ್ಲಿ ‘ಹಂಗು’ ಎಂಬ ಪದವಿದೆ. ಸಾಲವಾದರೆ ತೀರಿಸಬಹುದು. ಉಪಕಾರವಾದರೆ ನೆನೆದುಕೊಂಡಿರಬಹುದು. ಹಂಗು ಹಾಗಲ್ಲ. ಅದು ಪಡೆದವನ ಬೆನ್ನನ್ನು ಬಾಗಿಸಿಯೇ ಇಡುತ್ತದೆ, ಕೊಟ್ಟವನು ಮರೆತರೂ ಕೊಟ್ಟವನ ಅಂಗಳ ಮರೆಯುವುದಿಲ್ಲ. ನಮ್ಮ ಹಿರಿಯರು ಇದನ್ನು ನಿಘಂಟಿನಲ್ಲಿ ಓದಿ ತಿಳಿದವರಲ್ಲ. ಮಗಳ ಮದುವೆಗೆಂದು ಒಡೆಯರ ಮನೆಯಿಂದ ತಂದ ಒಂದು ಮುಡಿ ಅಕ್ಕಿ ಎಷ್ಟು ಮಳೆಗಾಲದ ದುಡಿಮೆಯಾಗಿ ವಾಪಸ್ಸು ಹೋಯಿತು ಎಂಬ ಲೆಕ್ಕ ಕೇರಿಯ ಮುದುಕರಿಗೆಲ್ಲ ಬಾಯಿಪಾಠ ಇರುತ್ತಿತ್ತು. ನನ್ನ ಅವ್ವನಿಗೆ ಓದು ಬರಹ ಬಾರದು. ನನಗೆ ಅವಳು ಕಲಿಸಿದ್ದು ಒಂದೇ ಪಾಠ: “ಹಸಿದ್ರೂ ಅಡ್ಡಿಲ್ಲ ಮಗಾ, ಯಾರ ಹಂಗಿಗೂ ಬೀಳಬೇಡ.” ಆದ್ದರಿಂದ ಆ ತರುಣನ ಅಪ್ಪ ಹಟಮಾರಿ ಎಂದು ನಾನು ಹೇಳಲಾರೆ. ಅವರ ಹಟದ ಹಿಂದೆ ಒಂದು ಇತಿಹಾಸವೇ ಇದೆ.

ಇನ್ನು ನನ್ನ ಕಾಲಿನ ವಿಷಯ. 2024ರ ಜೂನ್ ನಡುವೆ, ಮಳೆ ಹಿಡಿದ ಬೆಳಿಗ್ಗೆ, ಪಾಚಿಗಟ್ಟಿದ ಚಿರೆಕಲ್ಲಿನ ಮೆಟ್ಟಿಲ ಮೇಲೆ ಜಾರಿದೆ. ಬೀಳದಂತೆ ಬಲಗಾಲು ಊರಿದಾಗ ಮಂಡಿ ಮಡಚಿಕೊಳ್ಳುತ್ತಿತ್ತು, ಅದೇ ಹೊತ್ತಿಗೆ ತೊಡೆ ತನ್ನೆಲ್ಲ ಬಲದಿಂದ ಬಿಗಿಯಿತು. ‘ಪಟ್’ ಎಂದು ಸದ್ದಾಯಿತು. ಮೂಳೆ ಮುರಿದಿರಲಿಲ್ಲ. ಆದರೆ ಮಲಗಿದಲ್ಲಿಂದ ಕಾಲನ್ನು ನೆಟ್ಟಗೆ ಒಂದು ಇಂಚು ಎತ್ತಲಿಕ್ಕೂ ಬರಲಿಲ್ಲ. ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳು ಮಂಡಿಚಿಪ್ಪಿನ ಮೇಲ್ಗಡೆ ಒಂದಾಗಿ, ದಪ್ಪ ಪಟ್ಟಿಯಂತೆ ಚಿಪ್ಪಿಗೆ ಕಚ್ಚಿಕೊಂಡಿರುತ್ತವೆ. ಸ್ನಾಯುರಜ್ಜು ಎನ್ನುತ್ತಾರಲ್ಲ, ಅದು. ನನ್ನದು ಪೂರ್ತಿ ಹರಿದಿತ್ತು. ಚಿಪ್ಪಿನ ಮೇಲೆ ಬೆರಳಿಟ್ಟರೆ ಅಲ್ಲೊಂದು ಗುಳಿ.

ಮೊದಲು ತೋರಿಸಿದ ದವಾಖಾನೆಯಲ್ಲಿ ಎಕ್ಸ್‌ರೇ ನೋಡಿ ಉಳುಕು ಎಂದರು, ಬಟ್ಟೆಪಟ್ಟಿ ಸುತ್ತಿ ಕಳಿಸಿದರು. ಹತ್ತು ದಿನ ಹಾಗೇ ಹೋಯಿತು. ಈ ಪೆಟ್ಟಿನಲ್ಲಿ ದಿನಗಳಿಗೆ ಬೆಲೆಯಿದೆ. ಹರಿದ ಸ್ನಾಯು ಮೇಲಕ್ಕೆ ಎಳೆದುಕೊಳ್ಳುತ್ತಾ ಹೋಗುತ್ತದೆ, ಎರಡು ಮೂರು ವಾರ ಮೀರಿದರೆ ತುದಿಯನ್ನು ಕೆಳಗೆ ತಂದು ಹೊಲಿಯುವುದೇ ಕಷ್ಟ. ನಮ್ಮ ಬೆಳಂಬಾರಕ್ಕೆ ಹೋಗಿ ಬನ್ನಿ ಎಂದವರೂ ಇದ್ದರು. ಪಾರ್ಶ್ವವಾಯುವಿನ ನಾಟಿ ಔಷಧಿಗೆ ಆ ಊರು ಹೆಸರಾದದ್ದು ನಿಜ, ಆದರೆ ಪೂರ್ತಿ ಹರಿದ ರಜ್ಜುವಿಗೆ ಸೂಜಿ ದಾರವೇ ಬೇಕು. ಕೊನೆಗೆ ಕಾಳಿ ಸೇತುವೆ ದಾಟಿ, ಜಿಲ್ಲೆಯ ಹೊರಗಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಚಿಪ್ಪಿನಲ್ಲಿ ಸಣ್ಣ ತೂತು ಕೊರೆದು, ಗಟ್ಟಿ ದಾರ ಹಾಯಿಸಿ, ರಜ್ಜುವನ್ನು ಎಳೆದು ಕಟ್ಟಿದರು. ಆಮೇಲೆ ಆರು ವಾರ ತೊಡೆಯಿಂದ ಮೀನಖಂಡದವರೆಗೆ ಬೆಲ್ಟು ಬಿಗಿದ ಬ್ರೇಸು, ಎರಡು ಕಂಕುಳಲ್ಲಿ ಊರುಗೋಲು.

ನೋಡಲು ಬಂದವರಲ್ಲಿ ಇಬ್ಬರಾದರೂ ಹಿಂದಿನ ಜನ್ಮದ ಕರ್ಮ ಎಂದು ನಿಟ್ಟುಸಿರು ಬಿಟ್ಟರು. ಧಮ್ಮಕ್ಕೆ ಬಂದ ಮನೆಗಳಲ್ಲೂ ಈ ಮಾತು ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ ನೋಡಿ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬುದ್ಧರಲ್ಲಿ ಇದನ್ನೇ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಬುದ್ಧರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಹೊರಗಿನ ಪೆಟ್ಟು ಎಂದು ಕಾರಣಗಳನ್ನು ಬಿಡಿಸಿ ಹೇಳಿ, ಎಲ್ಲವನ್ನೂ ಹಿಂದಿನದಕ್ಕೆ ಕಟ್ಟುವವರು ಕಣ್ಣಿಗೆ ಕಾಣುವುದನ್ನೇ ಮೀರಿ ಹೋಗುತ್ತಿದ್ದಾರೆ ಎನ್ನುತ್ತಾರೆ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಹಿಂದಿನ ಜನ್ಮದ ಕರ್ಮವೆಂಬ ಲೆಕ್ಕವನ್ನೇ ಕಿತ್ತೊಗೆದದ್ದು ನಿಮಗೆಲ್ಲ ಗೊತ್ತು. ನನ್ನ ಲೆಕ್ಕ ಸರಳ: ಮಳೆ, ಪಾಚಿ, ನಲವತ್ತು ದಾಟಿದ ವಯಸ್ಸು, ಎಂಟು ವರ್ಷದ ಸಕ್ಕರೆ ಕಾಯಿಲೆ. ಇಂಥ ರಜ್ಜು ಹರಿಯುವವರಲ್ಲಿ ಸಕ್ಕರೆ ಕಾಯಿಲೆಯವರೂ ಕಿಡ್ನಿ ತೊಂದರೆಯವರೂ ಹೆಚ್ಚು ಎಂದು ಡಾಕ್ಟರು ಹೇಳಿದರು. ಇಷ್ಟು ಕಾರಣ ಕಣ್ಣೆದುರಿಗೇ ಇರುವಾಗ ಹಿಂದಿನ ಜನ್ಮಕ್ಕೆ ಯಾಕೆ ಹೋಗಬೇಕು?

ಈಗ ಅತ್ತದೀಪಕ್ಕೆ ಬರೋಣ. ಆ ಮಾತನ್ನು ಬುದ್ಧರು ಯಾವಾಗ, ಯಾರಿಗೆ ಹೇಳಿದರು ಎಂಬುದನ್ನು ನಾವು ಸಾಮಾನ್ಯವಾಗಿ ಬಿಟ್ಟು ಓದುತ್ತೇವೆ. ಮಹಾಪರಿನಿಬ್ಬಾಣ ಸುತ್ತದಲ್ಲಿ, ವೈಶಾಲಿಯ ಹತ್ತಿರ ಬೇಲುವ ಎಂಬ ಹಳ್ಳಿಯಲ್ಲಿ ಅವರು ವರ್ಷಾವಾಸ ಮಾಡುತ್ತಿದ್ದಾರೆ. ವಯಸ್ಸು 80. ಸಾವಿನ ಅಂಚಿನವರೆಗೆ ಒಯ್ದ ಕಾಯಿಲೆಯಿಂದ ಆಗ ತಾನೇ ಚೇತರಿಸಿಕೊಂಡಿದ್ದಾರೆ. ಹೊರಗೆ ಬಂದು ಕೂತು ಆನಂದನಿಗೆ ತನ್ನ ಮೈಯನ್ನು ಹಳೇ ಗಾಡಿಗೆ ಹೋಲಿಸಿ ಹೇಳುತ್ತಾರೆ. ಪಟ್ಟಿ ಬಿಗಿದು ಹೇಗೋ ಓಡಿಸುತ್ತಿರುವ ಗಾಡಿ. ಆ ಗಾಡಿಯ ಮಾತಿನ ಬೆನ್ನಿಗೇ ಅತ್ತದೀಪದ ಮಾತು ಬರುತ್ತದೆ.

ಬ್ರೇಸಿನ ಐದು ಬೆಲ್ಟುಗಳನ್ನು ಹೆಂಡತಿ ಬಿಗಿಯುತ್ತಿದ್ದಾಗ ನಾನು ಇದನ್ನು ಓದಿದೆ, ಮತ್ತೆ ಮತ್ತೆ ಓದಿದೆ. ತನಗೆ ತಾನೇ ಶರಣು ಎಂದ ಮನುಷ್ಯ ಅದನ್ನು ಹೇಳಿದ್ದು ಸುಮಾರು 25 ವರ್ಷ ತನ್ನ ಬೇಕು ಬೇಡ ನೋಡಿಕೊಂಡ ಆನಂದನಿಗೆ. ಅದಾದ ಮೇಲೆ ಕುಶಿನಾರದ ದಾರಿಯಲ್ಲಿ ದಣಿದು ಮರದ ಕೆಳಗೆ ಚೀವರ ಮಡಚಿ ಹಾಸು ಎಂದು ಕೇಳುತ್ತಾರೆ, ಬಾಯಾರಿದೆ ನೀರು ತಾ ಎಂದು ಕೇಳುತ್ತಾರೆ. ಕೇಳಲು ನಾಚುವುದಿಲ್ಲ. ಹಾಗಿದ್ದರೆ ತನಗೆ ತಾನೇ ಶರಣು ಎಂಬುದು ನೀರಿನ ತಂಬಿಗೆಯ ವಿಷಯವಲ್ಲ. ಯಾವುದು ಸರಿ, ಯಾವುದು ತಪ್ಪು, ಹೇಗೆ ಬದುಕಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಗುರುವಿಗೂ ದೇವರಿಗೂ ಒಡೆಯನಿಗೂ ಒಪ್ಪಿಸಬೇಡ ಎಂಬುದು ಅದರ ತಿರುಳು ಎಂದು ನಾನು ತಿಳಿದಿದ್ದೇನೆ. ಮಂಡಿ ಮಡಚಲು ಬಾರದವನು ಇನ್ನೊಬ್ಬರ ಹೆಗಲು ಹಿಡಿದರೆ ಆ ತೀರ್ಮಾನದ ಹಕ್ಕೇನೂ ಕೈಬಿಟ್ಟು ಹೋಗುವುದಿಲ್ಲ.

ಬಾಬಾಸಾಹೇಬರ ವಿಷಯದಲ್ಲೂ ಇದೇ. 1956ರ ಅಕ್ಟೋಬರ್ 14ರ ನಾಗಪುರ ಎಂದರೆ ನಮ್ಮ ಕಣ್ಣಿಗೆ ಬರುವುದು ಲಕ್ಷಾಂತರ ಜನ ಮತ್ತು ಎದ್ದು ನಿಂತ ನಾಯಕ. ಅವರು ನಿಂತದ್ದು ಹೇಗೆ? ಸಕ್ಕರೆ ಕಾಯಿಲೆ ಮೈಯನ್ನು ತಿಂದಿತ್ತು, ಕಾಲಿನ ನೋವು ವರ್ಷಗಳಿಂದ ಇತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಆಪ್ತ ಸಹಾಯಕ ನಾನಕ್‌ಚಂದ್ ರತ್ತು ಅವರ ಹೆಗಲ ಮೇಲೆ. ಎರಡು ತಿಂಗಳೊಳಗೆ, ಡಿಸೆಂಬರ್ 6ರಂದು, ಅವರು ಇರಲಿಲ್ಲ. ನಮ್ಮನ್ನು ನಮ್ಮ ಕಾಲ ಮೇಲೆ ನಿಲ್ಲಿಸಿದವರು ಆ ದಿನ ಇನ್ನೊಬ್ಬರ ಹೆಗಲು ಹಿಡಿದು ನಿಂತಿದ್ದರು. ಆ ತರುಣ ತನ್ನ ಅಪ್ಪನಿಗೆ ಈ ಒಂದು ಸಂಗತಿ ಹೇಳಿದರೆ ಸಾಕು ಎಂದುಕೊಂಡಿದ್ದೇನೆ, ನನ್ನ ಉಳಿದ ಪುರಾಣವೆಲ್ಲ ಬೇಡ.

ಆದರೂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಯಾಕೆಂದರೆ ಯಾರ ಕೈ ನಮ್ಮನ್ನು ಹಿಡಿಯುತ್ತದೆ ಎಂಬುದೂ ಇದೆ.

ಆಸ್ಪತ್ರೆಯಲ್ಲಿ ನನ್ನ ಬೆಡ್‌ಪ್ಯಾನ್ ತೆಗೆಯುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಆ ಕಡೆ ಎಲ್ಲರೂ ಕರೆಯುವಂತೆ ನಾನೂ ಮಾವಶಿ ಎನ್ನುತ್ತಿದ್ದೆ. ಗುತ್ತಿಗೆಯ ಕೆಲಸ. ಪಕ್ಕದ ಮಂಚದ ಗೃಹಸ್ಥರು ಒಂದು ದಿನ ಅವರು ಲೋಟಕ್ಕೆ ನೀರು ಬಗ್ಗಿಸಲು ಹೋದಾಗ ಅಡ್ಡಹೆಸರು ಏನು ಎಂದು ಕೇಳಿದರು. ಕೇಳಿ, ಬಾಯಾರಿಕೆ ಇಲ್ಲ ಎಂದರು. ಬೆಳಿಗ್ಗೆ ಅದೇ ಕೈ ಅವರ ಮಲ ತೆಗೆದು ಮೈ ಒರೆಸಿದಾಗ ಹೆಸರು ಕೇಳುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಮಾವಶಿ ಏನೂ ಹೇಳಲಿಲ್ಲ. ನನ್ನ ಮೊಬೈಲಿನ ಮೇಲಿದ್ದ ಬಾಬಾಸಾಹೇಬರ ಚಿತ್ರ ನೋಡಿ ಮೆಲ್ಲಗೆ ‘ಜೈ ಭೀಮ್’ ಅಂದು ಮುಂದಿನ ಮಂಚಕ್ಕೆ ಹೋದರು.

ವಿನಯ ಪಿಟಕದ ಮಹಾವಗ್ಗದಲ್ಲಿ ಬರುವ ರೋಗಿ ಭಿಕ್ಷುವಿನ ಪ್ರಸಂಗವನ್ನು ನಾವು ಹಲವು ಸಲ ಓದಿದ್ದೇವೆ. ಅತಿಸಾರದಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದ ಭಿಕ್ಷುವನ್ನು ಬುದ್ಧರು ನೋಡುತ್ತಾರೆ. ಆನಂದ ನೀರು ತರುತ್ತಾನೆ, ಬುದ್ಧರು ಸುರಿಯುತ್ತಾರೆ, ಆನಂದ ತೊಳೆಯುತ್ತಾನೆ. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದ ಹಿಡಿದು ಮಂಚದ ಮೇಲೆ ಮಲಗಿಸುತ್ತಾರೆ. ಇದನ್ನು ಕರುಣೆಯ ಕಥೆಯಾಗಿ ಹೇಳಿ ಮುಗಿಸುವುದು ರೂಢಿ. ನನಗೆ ಅದರಲ್ಲಿ ಮುಖ್ಯ ಅನಿಸಿದ್ದು ಅದಕ್ಕೂ ಮುಂಚಿನ ಒಂದು ಪ್ರಶ್ನೋತ್ತರ. ನಿನ್ನನ್ನು ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಎಂದರೆ ಆ ಭಿಕ್ಷು ಹೇಳುವ ಕಾರಣ: ನಾನು ಅವರಿಗೆ ಯಾವ ಉಪಯೋಗಕ್ಕೂ ಬಂದವನಲ್ಲ.

ಅಂದರೆ ಅಲ್ಲಿ ಒಂದು ಲೆಕ್ಕ ನಡೆಯುತ್ತಿತ್ತು. ಕೊಟ್ಟವನಿಗೆ ಮಾತ್ರ ಕೊಡುವುದು. ಈ ಲೆಕ್ಕ ಇರುವವರೆಗೆ ಪಡೆದದ್ದೆಲ್ಲ ಹಂಗೇ. ಬುದ್ಧರು ಆ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಟ್ಟರು. ಇಲ್ಲಿ ನಿಮಗೆ ತಾಯಿ ಇಲ್ಲ, ತಂದೆ ಇಲ್ಲ, ನೀವು ಒಬ್ಬರನ್ನೊಬ್ಬರು ನೋಡದಿದ್ದರೆ ಇನ್ಯಾರು ನೋಡುತ್ತಾರೆ ಎಂಬ ಅರ್ಥದಲ್ಲಿ ಸಂಘವನ್ನು ಕೇಳಿದರು. ಜೊತೆಗೆ, ಶಾಕ್ಯರ ಮನೆಯಲ್ಲಿ ಹುಟ್ಟಿದ ಕೈಯಿಂದಲೇ ಹೊಲಸಿಗೆ ನೀರು ಸುರಿದು, ಆ ಕೆಲಸ ಹುಟ್ಟಿನಿಂದ ಇಂಥವರದು ಎಂಬ ಏರ್ಪಾಡನ್ನೂ ಮುರಿದರು. ಸೇವೆ ಪಡೆಯುವವನ ನಾಚಿಕೆ, ಸೇವೆ ಮಾಡುವವನಿಗೆ ಅಂಟಿಸಿದ ಕೀಳುತನ ಎರಡೂ ಒಂದೇ ಬೇರಿನವು. ಪಕ್ಕದ ಮಂಚದ ಗೃಹಸ್ಥರಿಗೆ ಮಾವಶಿಯ ಹಂಗು ಇರಲಿಲ್ಲ ಎಂದು ತಿಳಿಯಬೇಡಿ. ಬದುಕಿಡೀ ಆ ಹಂಗಿನಲ್ಲೇ ಇದ್ದಾರೆ, ಒಪ್ಪಿಕೊಳ್ಳದ ಸೌಕರ್ಯ ಮಾತ್ರ ಅವರಿಗೆ ಜಾತಿ ಕೊಟ್ಟಿದೆ.

ಅದೇ ಪ್ರಸಂಗದ ಮುಂದೆ ರೋಗಿಯ ಗುಣಗಳನ್ನೂ ಹೇಳಲಾಗಿದೆ. ಯಾವ ರೋಗಿಯನ್ನು ನೋಡಿಕೊಳ್ಳುವುದು ಸುಲಭ, ಯಾರನ್ನು ಕಷ್ಟ ಎಂದು. ಔಷಧಿ ತೆಗೆದುಕೊಳ್ಳಬೇಕು, ಮಿತಿ ತಿಳಿದಿರಬೇಕು. ಇನ್ನೊಂದು: ತನ್ನ ಸ್ಥಿತಿಯನ್ನು ಇದ್ದಂತೆ ಹೇಳಬೇಕು, ಹೆಚ್ಚಾದರೆ ಹೆಚ್ಚು, ಕಡಿಮೆಯಾದರೆ ಕಡಿಮೆ. ಕಾರವಾರದಲ್ಲಿ ನನಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಜಿಯೊಥೆರಪಿಸ್ಟ್ ಹೆಣ್ಣುಮಗಳು ಪ್ರತಿ ಸಲ ಕೇಳುತ್ತಿದ್ದಳು, “ಸರ್, ನೋವು ಹತ್ತರಲ್ಲಿ ಎಷ್ಟು?” ನಮ್ಮ ಗಂಡಸರು ಬೆವರು ಸುರಿಯುತ್ತಿದ್ದರೂ ಎರಡು, ಮೂರು ಅನ್ನುತ್ತಾರೆ, ಹೆಂಗಸರು ಏನೂ ಅನ್ನುವುದೇ ಇಲ್ಲ ಎಂದಳು. ಎರಡು ಬಾಣಗಳ ಸುತ್ತವನ್ನು ಈ ಗುಂಪಿನಲ್ಲಿ ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ, ಮತ್ತೆ ಹೇಳುವುದಿಲ್ಲ. ಆದರೆ ಮೊದಲ ಬಾಣ ನೆಟ್ಟಿಲ್ಲ ಎಂದು ನಟಿಸು ಎಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಹೊಸದಾಗಿ ಹೊಲಿದ ರಜ್ಜು ಬೆಸೆಯುವುದು ನಿಧಾನ, ಅದಕ್ಕೆ ರಕ್ತ ಹರಿಯುವುದೇ ಕಡಿಮೆ. ಜಾಸ್ತಿ ಎಳೆದರೆ ಬಿಟ್ಟುಕೊಳ್ಳುತ್ತದೆ, ಎಳೆಯದೇ ಬಿಟ್ಟರೆ ಮಂಡಿ ಬಿಗಿದುಹೋಗುತ್ತದೆ. 30 ಡಿಗ್ರಿ, 60, 90 ಎಂದು ವಾರ ವಾರ ಏರುವಾಗ ಎಲ್ಲಿ ನಿಲ್ಲಬೇಕು ಎಂದು ಅವಳಿಗೆ ತಿಳಿಯುವ ಒಂದು ದಾರಿ ನನ್ನ ಬಾಯಿಂದ ಬರುವ ಆ ಸಂಖ್ಯೆ. ಸಹಿಸುವುದು ಧೈರ್ಯ ಎಂದು ನಾವು ಕಲಿತಿದ್ದೇವೆ. ಇಲ್ಲಿ ಏಳು ಎಂದರೆ ಏಳು ಎಂದು ಹೇಳುವುದೇ ಕೆಲಸ.

ಆ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಮನೆಗಳೂ ಮಣ್ಣಿನಡಿಗೆ ಹೋದವು. ನಮ್ಮ ಗುಂಪಿನ ಹುಡುಗರು ಅಲ್ಲಿಗೆ ಊಟ, ಬಟ್ಟೆ ಒಯ್ದರು. ನಾನು ಬ್ರೇಸು ಹಾಕಿಕೊಂಡು ಫೋನು ಹಿಡಿದು ಮಲಗಿದ್ದೆ. ಕೊಡುವವರ ಸಾಲಿನಲ್ಲಿ ನಿಲ್ಲಲಾಗದ ತಿಂಗಳು ಅದು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಬಿದ್ದು, ಲಾರಿಯೊಂದಿಗೆ ನೀರಿಗೆ ಬಿದ್ದ ತಮಿಳುನಾಡಿನ ಚಾಲಕನನ್ನು ಮೀನುಗಾರರು, ಪೊಲೀಸರು ಎತ್ತಿ ದಡಕ್ಕೆ ತಂದರು. ಆ ಕತ್ತಲಲ್ಲಿ ಯಾರೂ ಅಡ್ಡಹೆಸರು ಕೇಳಿರಲಾರರು.

ವಿಹಾರಕ್ಕೆ ಮತ್ತೆ ಬಂದದ್ದು ಸೆಪ್ಟೆಂಬರಿನಲ್ಲಿ. ನೆಲದ ಮೇಲೆ ಕೂರಲಾಗದು, ಪಂಚಾಂಗ ವಂದನೆಗೆ ಮಂಡಿ ಮಡಚದು. ಹುಡುಗರು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಎಪ್ಪತ್ತು ದಾಟಿದ ಅಜ್ಜಿಯರು ಚಾಪೆಯ ಮೇಲೆ, ನಾನು ಕುರ್ಚಿಯ ಮೇಲೆ. ನನ್ನ ಅಪ್ಪ ಒಡೆಯರ ಜಗುಲಿಯ ಕೆಳಗೆ ನಿಂತೇ ಮಾತಾಡಿದವನು. ಅವನ ಮಗ ಶಾಲೆಯಲ್ಲಿ ಕುರ್ಚಿಯ ಮೇಲೆ ಕೂತಾಗ ಅವ್ವ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದೇ ಕುರ್ಚಿ ಇಲ್ಲಿ ಮೈಗೆ ಚುಚ್ಚಿತು. ಪಕ್ಕದಲ್ಲಿದ್ದ ಅಜ್ಜಿ, “ಕೂತ್ಕೋ ತಮ್ಮಾ, ಬುದ್ಧಗೆ ನಿನ್ನ ಮಂಡಿ ಲೆಕ್ಕ ಬೇಕಾಗಿಲ್ಲ” ಅಂದರು. ಮುಂದಿನ ವಾರ ಅವರೂ ಒಂದು ಕುರ್ಚಿ ಕೇಳಿ ಹಾಕಿಸಿಕೊಂಡರು. ಅವರ ಮಂಡಿಯೂ ಎಷ್ಟೋ ವರ್ಷದಿಂದ ನೋಯುತ್ತಿತ್ತಂತೆ, ಯಾರೂ ಕೇಳಿರಲಿಲ್ಲ.

ನನಗೆ ಹೆಚ್ಚು ತೊಡಕಾದದ್ದು ಇನ್ನೊಂದು. ಫಿಜಿಯೊಥೆರಪಿ ಕೋಣೆಯಲ್ಲಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಬೋಟಿನ ಹುಡುಗ ಇರುತ್ತಿದ್ದ. ಮೂವತ್ತರ ಒಳಗೇ. ಅವನಿಗೆ ಹರಿದದ್ದು ಮಂಡಿಚಿಪ್ಪಿನ ಕೆಳಗಿನ ರಜ್ಜು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆ ರಜೆಯಲ್ಲಿ ಅವನ ಶಸ್ತ್ರಚಿಕಿತ್ಸೆಯಾಗಿತ್ತು. ಇಬ್ಬರಿಗೂ ಒಂದೇ ವ್ಯಾಯಾಮ, ಒಂದೇ ಬೈಗುಳ. ನನಗೆ ಪೂರ್ತಿ ಗುಣವಾಗಲು ಆರು ತಿಂಗಳು ಎಂದರು, ಅವನಿಗೂ ಅಷ್ಟೇ. ಆದರೆ ನನ್ನ ಆರು ತಿಂಗಳಿಗೆ ವೈದ್ಯಕೀಯ ರಜೆ ಇತ್ತು, ತಿಂಗಳ ಕೊನೆಗೆ ಸಂಬಳ ಇತ್ತು. ಅವನು ಬೋಟಿನ ಮಾಲಿಕನಿಂದ ಮುಂಗಡ ತಂದಿದ್ದ. ಆಗಸ್ಟ್ ಹುಟ್ಟಿದ ಕೂಡಲೇ ತಾಂಡೇಲನ ಫೋನು ಬರತೊಡಗಿತು.

ನಾವು ನಾಲ್ಕೈದು ಜನ ಮಾತಾಡಿಕೊಂಡು, ಎರಡು ತಿಂಗಳ ಮನೆಖರ್ಚು ನಾವು ನೋಡುತ್ತೇವೆ, ವ್ಯಾಯಾಮ ಬಿಡಬೇಡ ಎಂದೆವು. ಅವನು ಕೊಂಕಣಿಯಲ್ಲೇ ಹೇಳಿದ, “ಬೇಡ ಮಾಸ್ತರೇ. ಅಲ್ಲೊಂದು ಮುಂಗಡ ಇದೆ, ಇಲ್ಲೊಂದು ಯಾಕೆ?” ಮಾರನೆಯ ವಾರದಿಂದ ಆ ಹಾಸಿಗೆ ಖಾಲಿ.

ಅವನ ಮಾತನ್ನು ಈಗಲೂ ತಳ್ಳಿಹಾಕಲಾರೆ. ವಾಪಸ್ಸು ಬೇಡ ಎಂದು ನಾವು ಎಷ್ಟು ಹೇಳಿದರೂ, ಕೊಡುವವನ ಮುಖ ಎದುರಿಗೆ ಇದ್ದಷ್ಟು ಹೊತ್ತು ಹಂಗಿನ ವಾಸನೆ ಪೂರ್ತಿ ಹೋಗುವುದಿಲ್ಲ. ನನ್ನ ರಜೆಗೆ ಮುಖವಿರಲಿಲ್ಲ. ಅದು ನಿಯಮದಲ್ಲಿ ಬರೆದ ಹಕ್ಕು, ನಾನು ಯಾರ ಅಂಗಳದಲ್ಲೂ ನಿಲ್ಲಬೇಕಾಗಿರಲಿಲ್ಲ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸಲು 1943ರಲ್ಲಿ ಬಿ.ಪಿ. ಅದರ್ಕರ್ ಅವರಿಗೆ ವಹಿಸಿದ್ದು ಆ ಅವಧಿಯಲ್ಲೇ. ಅದರ ಮುಂದುವರಿಕೆಯಾಗಿ 1948ರ ಇಎಸ್‌ಐ ಕಾಯ್ದೆ ಬಂತು. ಮೈಗೆ ಪೆಟ್ಟಾದ ಕೂಲಿಯವನು ಮಾಲಿಕನ ದಯೆ ಕಾಯಬಾರದು ಎಂಬುದು ಅದರ ಆಸೆ. ದುಃಖವೆಂದರೆ ಮುಪ್ಪು, ರೋಗ, ಸಾವು ಇಷ್ಟೇ ಎಂದು ನಿಲ್ಲಿಸದೆ, ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯವನ್ನೂ ಅವರು ದುಃಖದೊಳಗೆ ಸೇರಿಸಿ ಓದಿದರು. ಹರಿದ ರಜ್ಜು ನಮ್ಮಿಬ್ಬರಿಗೂ ಒಂದೇ ದುಃಖ. ನಾನು ಮಲಗಿ ಸುತ್ತ ಓದಿದ್ದು, ಅವನು ಅರ್ಧ ಬೆಸೆದ ಕಾಲಲ್ಲಿ ಬೋಟು ಹತ್ತಿದ್ದು, ಇದು ಎರಡನೆಯ ಜಾತಿಯ ದುಃಖ. ಅವನ ಬಳಿ ಇಎಸ್‌ಐ ಕಾರ್ಡು ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಬೈತಖೋಲ ಬಂದರಿನಲ್ಲಿ ಅವನನ್ನು ಕಂಡೆ. ಬಲೆ ಎಳೆಯುವ ಕೆಲಸ ಬಿಟ್ಟು ಮಂಜುಗಡ್ಡೆ ಪುಡಿಮಾಡಿ ಮೀನಿಗೆ ಹಾಕುವ ಕೆಲಸದಲ್ಲಿದ್ದ. ಮಂಡಿ 90 ಡಿಗ್ರಿ ದಾಟಿರಲಿಲ್ಲ. ನನ್ನದು ಆ ಹೊತ್ತಿಗೆ 120 ಆಗಿತ್ತು. ಅವನು ತಪ್ಪಿಸಿಕೊಂಡ ವ್ಯಾಯಾಮಗಳನ್ನು ಒಂದೊಂದಾಗಿ ಹೇಳಿದೆ. ಮೀನಿನ ಕ್ರೇಟು ಬೋರಲು ಹಾಕಿ ಅದರ ಮೇಲೆ ಕೂತು ಹಿಮ್ಮಡಿ ಹಿಂದಕ್ಕೆ ಎಳೆಯುವುದು, ಹತ್ತು ಎಣಿಸುವುದು, ಬಿಡುವುದು. ಹತ್ತರಲ್ಲಿ ಎಷ್ಟು ಎಂದು ಕೇಳಿದೆ. ಆರು ಎಂದ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಬರುತ್ತೇನೆ ಎಂದಾಗ ಬೇಡ ಎನ್ನಲಿಲ್ಲ. ಹೊರಡುವಾಗ ಒಂದು ಚೀಲದಲ್ಲಿ ಬಂಗುಡೆ ಹಾಕಿ ಕೈಗೆ ಕೊಟ್ಟ. ಜೇಬಿಗೆ ಕೈ ಹಾಕಿದರೆ, “ಇಡಿ ಮಾಸ್ತರೇ” ಎಂದು ಗದರಿದ. ತಂದು ಹುಳಿ ಮಾಡಿಸಿದೆವು. ಇದುವರೆಗೆ ಹನ್ನೊಂದು ಶನಿವಾರ ಆಗಿದೆ, 105 ಡಿಗ್ರಿಗೆ ಬಂದಿದ್ದಾನೆ.

ಜೈ ಭೀಮ್.